ವೇಣುಗೋಪಾಲನ ಕನ್ನಡಿಗೆ ಕುಂಕುಮವಿಟ್ಟದ್ದು

ತೂಬಗೆರೆಯ ವೇಣುಗೋಪಾಲನ ಜೊತೆ ಊಟಕ್ಕೆ ಕೂತವರು ಒಂದು ವಿಚಾರಣೆಗೆ ಸಿದ್ಧರಾಗಿರಬೇಕಿತ್ತು. ವಿಚಾರಣೆ ಅವರದಲ್ಲ, ತಟ್ಟೆಯದು. ತಟ್ಟೆ ಮುಂದೆ ಬಂದ ಕೂಡಲೇ ಅವನು ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಎಡಗಣ್ಣು ಮುಚ್ಚಿ, ಅಂಚಿನುದ್ದಕ್ಕೂ ನೋಟ ಹಾಯಿಸಿ, "ಸೊಟ್ಟ" ಎಂದೋ "ನೆಟ್ಟಗಿದೆ" ಎಂದೋ ತೀರ್ಪು ಕೊಟ್ಟ ಮೇಲೆಯೇ ಅದಕ್ಕೆ ಅನ್ನ ಬೀಳುತ್ತಿತ್ತು. ಅವನ ತಾಯಿ ಲಕ್ಷ್ಮೀದೇವಮ್ಮನವರ ದೋಸೆಗೂ ಅದೇ ಗತಿ. ಬಸ್ ನಿಲ್ದಾಣದ ಕಂಬ, ಪಕ್ಕದ ಮನೆಯ ಹೊಸ ಬಾಗಿಲು, ಊರಿನ ಹಿರಿಯರೊಬ್ಬರ ಮೀಸೆ, ಯಾವುದಕ್ಕೂ ವಿನಾಯಿತಿ ಇರಲಿಲ್ಲ. ಆ ಹಿರಿಯರ ಮೀಸೆಯ ಎಡತುದಿ ಒಂದೆಳೆ ಮೇಲಕ್ಕಿದೆ ಎಂದು ಅವನು ನಾಲ್ಕು ಜನರ ಮುಂದೆ ಹೇಳಿದ ಮೇಲೆ ಅವರು ಬಹಳ ಕಾಲ ತಲೆಯನ್ನು ಸ್ವಲ್ಪ ವಾಲಿಸಿಕೊಂಡೇ ನಡೆದರು.

ಇದು ಹುಟ್ಟಿನಿಂದ ಬಂದ ಚಾಳಿಯಲ್ಲ. ಸಂಬಳದ ಜೊತೆಗೆ ಬಂದದ್ದು.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಆ ದಿನಗಳಲ್ಲಿ ವೇಣುಗೋಪಾಲ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಟೆಕ್ನಿಕಲ್ ಅಸಿಸ್ಟೆಂಟ್ ಆಗಿದ್ದ. ಬೆಳಿಗ್ಗೆ ದೊಡ್ಡಬಳ್ಳಾಪುರಕ್ಕೆ ಒಂದು ಬಸ್ಸು, ಅಲ್ಲಿಂದ ಬೆಂಗಳೂರಿಗೆ ಇನ್ನೊಂದು. ಎರಡರಲ್ಲೂ ಅವನು ಸಾಮಾನ್ಯ ಪ್ರಜೆ, ಕಂಬ ಹಿಡಿದು ಜೋತಾಡುವವರಲ್ಲಿ ಒಬ್ಬ. ಆದರೆ ಬಿಳಿ ಕೋಟು ತೊಟ್ಟು, ತಲೆಗೊಂದು ಬಟ್ಟೆಯ ಟೊಪ್ಪಿಗೆ ಏರಿಸಿ, ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿ ಕೂತನೆಂದರೆ ಅವನ ಕೆಳಗೆ ಕನ್ನಡಿಗಳದೊಂದು ಸಾಮ್ರಾಜ್ಯವೇ ಹರಡಿಕೊಳ್ಳುತ್ತಿತ್ತು. ಉಗುರಿನಗಲದ ಒಂದು ಬಿಲ್ಲೆಯ ಮೇಲೆ ಸಾಲುಸಾಲಾಗಿ ನೂರಾರು ಕನ್ನಡಿ. ಒಂದೊಂದೂ ಕೂದಲಿನ ದಪ್ಪಕ್ಕಿಂತ ಅಷ್ಟೇನೂ ಅಗಲವಿಲ್ಲ. ಅವುಗಳಲ್ಲಿ ಮುಖ ನೋಡಿಕೊಳ್ಳಬೇಕೆಂದರೆ ಇರುವೆಯೂ ಒಂದೊಂದೇ ಕಣ್ಣನ್ನು ನೋಡಿಕೊಳ್ಳಬೇಕು.

ಇಷ್ಟು ಚಿಕ್ಕ ಕನ್ನಡಿ ಯಾರಿಗೆ, ಯಾತಕ್ಕೆ? ಬಿಸಿಯನ್ನು ನೋಡುವುದಕ್ಕೆ. ಬೆಚ್ಚಗಿರುವ ಯಾವುದರಿಂದಲೂ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಕಿರಣ ಹೊರಡುತ್ತಲೇ ಇರುತ್ತದೆ. ಕತ್ತಲಲ್ಲಿ ಕಟ್ಟಿದ ಎಮ್ಮೆಯಿಂದಲೂ ಹೊರಡುತ್ತದೆ, ಎಮ್ಮೆ ಬಿಚ್ಚಿಕೊಂಡು ಹೋಗಲು ಬಂದವನಿಂದಲೂ ಹೊರಡುತ್ತದೆ. ಅದನ್ನು ಕಾಣುವ ಕ್ಯಾಮೆರಾಗಳು ಲೋಕದಲ್ಲಿ ಆಗಲೇ ಇದ್ದವು. ಆದರೆ ಅವುಗಳಲ್ಲಿ ಹೆಚ್ಚಿನವು ರಾಜಮನೆತನದವು. ಮಂಜುಗಡ್ಡೆಗಿಂತ ಎಷ್ಟೋ ಪಾಲು ತಣ್ಣಗೆ ಇಟ್ಟರೆ ಮಾತ್ರ ಕಣ್ಣು ಬಿಡುವಂಥವು. ಆ ತಂಪಿನ ಉಪಚಾರವಿಲ್ಲದೆ, ನಮ್ಮ ನಿಮ್ಮ ಹಾಗೆ ಸೆಕೆಯಲ್ಲೇ ಕೂತು ಕೆಲಸ ಮಾಡುವ ಒಂದು ಕಣ್ಣನ್ನು ತಯಾರಿಸಬೇಕೆಂಬುದು ಅಲ್ಲಿನ ಡಾಕ್ಟರರ ಹಟವಾಗಿತ್ತು. ಸೂಜಿ ಚುಚ್ಚುವ ಡಾಕ್ಟರರಲ್ಲ, ಓದಿ ಓದಿ ಆದ ಡಾಕ್ಟರರು.

ಅವರ ಉಪಾಯ ಇದು. ಪ್ರತಿ ಕನ್ನಡಿಯನ್ನೂ ಸಣ್ಣ ಕಾಲುಗಳ ಮೇಲೆ ನಿಲ್ಲಿಸುವುದು. ಕಾಲು ಎರಡು ಪದರದ್ದು. ಬಿಸಿ ತಾಗಿದರೆ ಒಂದು ಪದರ ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಒಂದೇ ಮನೆಯ ಅಣ್ಣತಮ್ಮಂದಿರಂತೆ ಅಂಟಿಕೊಂಡಿರುವುದರಿಂದ ಬೇರೆ ದಾರಿಯಿಲ್ಲದೆ ಕಾಲು ಬಾಗುತ್ತದೆ. ಕಾಲು ಬಾಗಿದರೆ ಮೇಲಿನ ಕನ್ನಡಿ ವಾಲುತ್ತದೆ. ಎಲ್ಲ ಕನ್ನಡಿಗಳ ಮೇಲೂ ಒಂದು ದೀಪದ ಬೆಳಕು ಚೆಲ್ಲಿ, ಮರಳಿ ಬಂದ ಬೆಳಕಿನಲ್ಲಿ ಯಾವ ಕನ್ನಡಿ ಎಷ್ಟು ವಾಲಿತು ಎಂದು ಲೆಕ್ಕ ಹಾಕಿದರೆ ಎದುರಿಗಿರುವ ಬಿಸಿಯ ಚಿತ್ರ ಸಿಕ್ಕಿತು.

ತಕರಾರು ಇದ್ದದ್ದು ಕನ್ನಡಿಯ ಆಕಾರದಲ್ಲಿ. ತೆಳ್ಳಗಿನ ಕನ್ನಡಿ ತಯಾರಾಗುತ್ತಿದ್ದ ಹಾಗೆಯೇ, ಬಿಸಿಲಿಗೆ ಹಾಕಿದ ಹಪ್ಪಳದಂತೆ, ತನ್ನಷ್ಟಕ್ಕೆ ಮುದುರುತ್ತಿತ್ತು. ಮುದುರಿದ ಕನ್ನಡಿ ಬೆಳಕನ್ನು ಒಂದು ಕಡೆ ಕಳಿಸುವುದಿಲ್ಲ, ಸುತ್ತಲೂ ಎರಚಿಬಿಡುತ್ತದೆ. ಆಮೇಲೆ ಅದು ವಾಲಿದರೂ ಒಂದೇ, ಬಿಟ್ಟರೂ ಒಂದೇ, ಗೊತ್ತೇ ಆಗುವುದಿಲ್ಲ. ಮುದುರದಿರಲಿ ಎಂದು ದಪ್ಪ ಮಾಡಿದರೆ ಕನ್ನಡಿ ಸೋಮಾರಿಯಾಗುತ್ತದೆ, ಬೇಗ ಬಿಸಿಯೇರುವುದಿಲ್ಲ. ತೀರ ಚಿಕ್ಕದು ಮಾಡಿದರೆ ಎಷ್ಟು ಸಪಾಟಾಗಿದ್ದರೂ ಬೆಳಕು ತಾನಾಗಿಯೇ ಹರಡಿಕೊಳ್ಳುತ್ತದೆ. ಹೀಗಾಗಿ ಡಾಕ್ಟರರು ಒಮ್ಮೆ ಚೌಕ ಬರೆಯುತ್ತಿದ್ದರು, ಒಮ್ಮೆ ಉದ್ದ ಮಾಡುತ್ತಿದ್ದರು, ಒಮ್ಮೆ ಸ್ಟೀಲ್ ತಟ್ಟೆಗೆ ಇರುವ ಹಾಗೆ ಸುತ್ತಲೂ ಎತ್ತರದ ಅಂಚು ಕೊಟ್ಟು ನೋಡುತ್ತಿದ್ದರು. ಹೊಸ ಆಕಾರದ ಬಿಲ್ಲೆ ಬಂದಾಗಲೆಲ್ಲ ವೇಣುಗೋಪಾಲ ಅದನ್ನು ಮೈಕ್ರೋಸ್ಕೋಪಿನಡಿ ಇಟ್ಟು ಪರೀಕ್ಷಿಸುತ್ತಿದ್ದ. ಡಾಕ್ಟರರು ಹೆರಿಗೆ ಕೋಣೆಯ ಹೊರಗೆ ನಿಂತ ಗಂಡನ ಹಾಗೆ ಹಿಂದೆ ನಿಂತಿರುತ್ತಿದ್ದರು. ಅವನು ತಲೆಯೆತ್ತಿ, "ಸೊಟ್ಟ, ಸಾರ್" ಅನ್ನುತ್ತಿದ್ದ. ಅವರು ಹೋಗಿ ಕಾಫಿ ಕುಡಿಯುತ್ತಿದ್ದರು.

ಇಂಥ ಘನ ಉದ್ಯೋಗದಲ್ಲಿದ್ದವನಿಗೆ ಹೆಣ್ಣು ಸಿಗುತ್ತಿರಲಿಲ್ಲ.

ಅದರಲ್ಲಿ ಅವನ ಸೋದರಮಾವ ಆಂಜಿನಪ್ಪನ ಪಾತ್ರ ದೊಡ್ಡದು. ಸಂಬಂಧ ಕುದುರಿಸುವುದರಲ್ಲಿ ತನ್ನ ಸಮಾನರಿಲ್ಲ ಎಂದು ಆಂಜಿನಪ್ಪನಿಗೆ ಗಟ್ಟಿ ನಂಬಿಕೆ. ಒಂದು ಕಡೆ ಹುಡುಗ ಮಿಲಿಟರಿಯವರಿಗೆ ಬೇಕಾದ ಗುಟ್ಟಿನ ಕೆಲಸದಲ್ಲಿದ್ದಾನೆ ಎಂದು ಬಣ್ಣಿಸಿದ. ಹುಡುಗನನ್ನು ಗಡಿಗೆ ಕಳಿಸಿಬಿಟ್ಟರೆ ಏನು ಗತಿ ಎಂದು ಅವರು ಹಿಂದೆ ಸರಿದರು. ಇನ್ನೊಂದು ಕಡೆ ಸರಳವಾಗಿ ಹೇಳೋಣವೆಂದು ಕನ್ನಡಿ ಕೆಲಸ ಎಂದ. ಅವರು ಅಂಗಡಿ ಎಲ್ಲಿದೆ ಎಂದು ಕೇಳಿದರು. ಅಂಗಡಿ ಇಲ್ಲ, ದಿನವಿಡೀ ಕನ್ನಡಿ ನೋಡುತ್ತಾನೆ ಅಷ್ಟೇ ಎಂದಾಗ ಆ ಮನೆಯ ಅಜ್ಜಿ ಎದ್ದು ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ.

ಆಮೇಲೆ ಬಂದದ್ದು ಆವತಿಯ ಬೈರಣ್ಣನವರ ಮಗಳು ಬಿಂದುಶ್ರೀಯ ಸಂಬಂಧ. ಬೈರಣ್ಣನವರಿಗೆ ದ್ರಾಕ್ಷಿ ತೋಟ, ಹಿತ್ತಲಲ್ಲಿ ಚಕ್ಕೋತದ ಮರಗಳು. ಮಗಳು ದೇವನಹಳ್ಳಿಯಲ್ಲಿ ಡಿಗ್ರಿ ಮುಗಿಸಿ ಅಲ್ಲೇ ಒಂದು ನರ್ಸರಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಹೆಣ್ಣು ನೋಡಲು ಹೋದ ದಿನ ಉಪ್ಪಿಟ್ಟು ಕೇಸರಿಬಾತಿನ ತಟ್ಟೆ ಕೈಗೆ ಬಂತು. ವೇಣುಗೋಪಾಲನ ಕೈ ಅಭ್ಯಾಸದಂತೆ ಮೇಲೆ ಹೋಯಿತು, ಎಡಗಣ್ಣು ಮುಚ್ಚಿಕೊಂಡಿತು. ಆಂಜಿನಪ್ಪ ಕಾಲು ತುಳಿದ. ಆದರೆ ತುಳಿದದ್ದು ಅವಸರದಲ್ಲಿ ಬೈರಣ್ಣನವರ ಕಾಲು.

ಹುಡುಗ ಹುಡುಗಿ ಎರಡು ಮಾತಾಡಿಕೊಳ್ಳಲಿ ಎಂದು ದೊಡ್ಡವರು ಜಗುಲಿಗೆ ಹೋದರು. ಅಂದರೆ ಮಾತು ಕೇಳಿಸುವಷ್ಟು ದೂರಕ್ಕೆ ಹೋದರು. ವೇಣುಗೋಪಾಲ ಹಪ್ಪಳದ ಹೋಲಿಕೆ ಕೊಟ್ಟು ತನ್ನ ಕೆಲಸವನ್ನು ವಿವರಿಸಿದ. ಬಿಂದುಶ್ರೀ ನರ್ಸರಿ ಮಕ್ಕಳ ಮಾತು ಕೇಳಿ ಅಭ್ಯಾಸವಿದ್ದವಳಾದ್ದರಿಂದ ಕೊನೆಯವರೆಗೂ ಕೇಳಿದಳು.

"ಸೊಟ್ಟ ಇದ್ರೆ ಸೊಟ್ಟ ಅಂತ್ಲೇ ಹೇಳ್ಬಿಡ್ತೀರಾ? ಡಾಕ್ಟ್ರಿಗೆ ಬೇಜಾರಾಗಲ್ವಾ?"

"ಆಗುತ್ತೆ. ಆವತ್ತೆಲ್ಲ ಮಾತಾಡಲ್ಲ. ಆಮೇಲೆ ಬೇರೆ ಆಕಾರ ಬರ್ಕೊಂಡು ಬರ್ತಾರೆ."

"ನಮ್ಮನೆ ತಟ್ಟೆ ಹೆಂಗಿತ್ತು?"

ಇಲ್ಲಿ ಲೋಕಜ್ಞಾನವುಳ್ಳ ಯಾವ ಗಂಡೂ ಒಂದೇ ಉತ್ತರ ಕೊಡುತ್ತಿದ್ದ. ವೇಣುಗೋಪಾಲ ಸ್ವಲ್ಪ ಯೋಚಿಸಿ, "ಬಲಗಡೆ ಒಂಚೂರು ಸೊಟ್ಟ" ಎಂದ.

ಅವಳು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಅಡುಗೆಮನೆಯಿಂದ ನಗು ಕೇಳಿಸಿತು, ಅದೂ ಒಬ್ಬರದಲ್ಲ. ಜಗುಲಿಯ ಮೇಲೆ ಬೈರಣ್ಣನವರ ಮುಖ ಗಂಟಾಯಿತು. ವೇಣುಗೋಪಾಲನ ಎದೆಯಲ್ಲಿ ಆದದ್ದನ್ನು ವರ್ಣಿಸಲು ಯಾವ ಮೈಕ್ರೋಸ್ಕೋಪೂ ಸಾಲದು. ಮರಳುವ ಬಸ್ಸಿನಿಂದ ದೊಡ್ಡಬಳ್ಳಾಪುರದಲ್ಲಿ ಇಳಿಯುವಾಗ ಅವನು ಮಾವನಿಗೆ ಒಂದೇ ಮಾತು ಹೇಳಿದ. ಮದುವೆಯಾದರೆ ಈ ಹುಡುಗಿ, ಇಲ್ಲವಾದರೆ ಇನ್ನು ಯಾರ ಮನೆಯ ಉಪ್ಪಿಟ್ಟೂ ಬೇಡ.

ಎಂಟು ದಿನದೊಳಗೆ ಆವತಿಯಿಂದ ಸುದ್ದಿ ಬಂತು. ಹುಡುಗಿ ಒಪ್ಪಿದ್ದಾಳೆ. ಅಪ್ಪ ಒಪ್ಪಿಲ್ಲ. ಬೈರಣ್ಣನವರು ಕಣ್ಣಿಗೆ ಕಾಣುವ ಕಸುಬಿನ ಮನುಷ್ಯರು. ದ್ರಾಕ್ಷಿ ಇದ್ದರೆ ಗೊಂಚಲು ಕಾಣಬೇಕು, ಕೆಲಸ ಇದ್ದರೆ ಕೆಲಸ ಕಾಣಬೇಕು. ಮನೆ ನೋಡುವ ಶಾಸ್ತ್ರಕ್ಕೆ ಬರುವ ಶುಕ್ರವಾರ ಬರುತ್ತೇವೆ, ಮನೆಯ ಜೊತೆಗೆ ಆ ಕೆಲಸವನ್ನೂ ತೋರಿಸಿದರೆ ಮುಂದಿನ ಮಾತು ಎಂದು ಹೇಳಿ ಕಳಿಸಿದ್ದರು. ಪ್ರಯೋಗಾಲಯದ ಗೇಟಿನೊಳಗೆ ಹೊರಗಿನವರನ್ನು ಬಿಡುತ್ತಿರಲಿಲ್ಲ. ಹಾಗಾಗಿ ವೇಣುಗೋಪಾಲ ಕೆಲಸವನ್ನೇ ತೂಬಗೆರೆಗೆ ತರಲು ನಿಶ್ಚಯಿಸಿದ. ಒಂದೇ ಒಂದು ಕನ್ನಡಿ, ಆದರೆ ಕಣ್ಣಿಗೆ ಕಾಣುವಷ್ಟು ದೊಡ್ಡದು.

ಮನೆಯ ಹಿಂಭಾಗದ ರಾಗಿ ಮೂಟೆಗಳ ಕೋಣೆಗೆ ಒಂದೇ ಕಿಟಕಿ. ಅದನ್ನು ಮುಚ್ಚಿದರೆ ಹಗಲಲ್ಲೂ ಕತ್ತಲು. ಪ್ರಯೋಗಶಾಲೆ ಅಲ್ಲೇ ಸ್ಥಾಪನೆಯಾಯಿತು. ದೊಡ್ಡಬಳ್ಳಾಪುರದ ಗುಜರಿ ಅಂಗಡಿಯಿಂದ ಹಳೆಯ ಇಸ್ತ್ರಿಪೆಟ್ಟಿಗೆ ತಂದು, ಬಿಸಿ ಹೆಚ್ಚಾದಾಗ ಕರೆಂಟು ಕಡಿಯುವುದಕ್ಕೆ ಅದರೊಳಗೆ ಇಟ್ಟಿರುವ ಎರಡು ಲೋಹದ ಜೋಡಿಪಟ್ಟಿಯನ್ನು ಬಿಚ್ಚಿದ. ಅರ ಹಾಕಿ ಉಜ್ಜಿ ಉಜ್ಜಿ ತೆಳ್ಳಗೆ ಮಾಡಿ, ದೀಪದ ಮಸಿ ಬಳಿದು, ಒಂದು ತುದಿಯನ್ನು ಮೇಜಿನ ಮೇಲಿನ ಮರದ ಪೀಠಕ್ಕೆ ಬಿಗಿದ. ಇನ್ನೊಂದು ತುದಿಗೆ ಕನ್ನಡಿ. ಪಕ್ಕದಲ್ಲಿ, ಚಪ್ಪಲಿಯ ರಟ್ಟಿನ ಡಬ್ಬಿಯೊಳಗೆ ಟಾರ್ಚು. ಡಬ್ಬಿಯ ತೂತಿನಿಂದ ಹೊರಟ ಬೆಳಕು ಕನ್ನಡಿಗೆ ಬಡಿದು ಎದುರು ಗೋಡೆಯ ಮೇಲೆ ಚುಕ್ಕೆಯಾಗಿ ಕೂರಬೇಕು. ಪಟ್ಟಿಯ ಹತ್ತಿರ ಅಂಗೈ ಹಿಡಿದರೆ ಅಂಗೈಯ ಬಿಸಿಗೆ ಪಟ್ಟಿ ಬಾಗಿ, ಚುಕ್ಕೆ ಗೋಡೆ ಹತ್ತಬೇಕು.

ಗೌರಿಹಬ್ಬದ ಮೊರದ ಬಾಗಿನದಲ್ಲಿ ಬಂದ ಪುಟ್ಟ ಕನ್ನಡಿಗಳು ಲಕ್ಷ್ಮೀದೇವಮ್ಮನವರ ಪೆಟ್ಟಿಗೆಯಲ್ಲಿ ರಾಶಿ ಇದ್ದವು. ಅವನು ಹಗುರವಾಗಿದೆಯೆಂದು ಅದರಲ್ಲೊಂದನ್ನು ಅಂಟಿಸಿದ. ಗೋಡೆಯ ಮೇಲೆ ಚುಕ್ಕೆ ಬೀಳಲಿಲ್ಲ, ಚೆಲ್ಲಿದ ಅಂಬಲಿಯಂಥದ್ದೇನೋ ಬಿತ್ತು. ಬಸ್ ನಿಲ್ದಾಣದ ಕಂಬವನ್ನೂ ಬಿಡದವನು ಮನೆಯ ಕನ್ನಡಿಯನ್ನು ಕಣ್ಣಿಗೆ ಹಿಡಿದು ನೋಡುವುದನ್ನೇ ಮರೆತಿದ್ದ. ಗಾಜು ಅಲೆಅಲೆಯಾಗಿತ್ತು. ಎರಡನೆಯ ಸಲ ಕ್ಷೌರದ ಕನ್ನಡಿ. ಅದರ ಭಾರಕ್ಕೆ ಪಟ್ಟಿಯೇ ತಲೆ ತಗ್ಗಿಸಿತು. ಮೂರನೆಯ ಸಲ ಒಳ್ಳೆಯ ಗಾಜಿನಿಂದ ಹೆಬ್ಬೆರಳಿನುಗುರಿನಷ್ಟು ಚೂರು ಕತ್ತರಿಸಿಕೊಂಡು ಬಂದು, ಬೆನ್ನಿಗೆಲ್ಲ ಅಂಟು ಬಳಿದು ಕೂರಿಸಿದ. ಚುಕ್ಕೆ ಅಂದವಾಗಿ ಬಿತ್ತು. ಅಂಟು ಒಣಗುತ್ತ ಹೋದಂತೆ ಗಾಜನ್ನು ಎಳೆದೆಳೆದು, ಚುಕ್ಕೆ ಮತ್ತೆ ಹರಡಿಕೊಂಡಿತು. ಪ್ರಯೋಗಾಲಯದಲ್ಲಿ ಡಾಕ್ಟರರನ್ನು ಕಾಡುತ್ತಿದ್ದ ಶನಿಯೇ ಬಸ್ಸು ಹತ್ತಿ ತೂಬಗೆರೆಗೆ ಬಂದಿತ್ತು. ಕೊನೆಗೆ ನಡುವೆ ಒಂದೇ ಹನಿ ಅಂಟು ಹಾಕಿ, ಸುತ್ತಲೂ ಬಿಡುವು ಬಿಟ್ಟಾಗ ಚುಕ್ಕೆ ಕಡಲೆಕಾಳಿನ ಹಾಗೆ ಗಟ್ಟಿಯಾಗಿ ನಿಂತಿತು. ಅಂಗೈ ಹಿಡಿದ. ಚುಕ್ಕೆ ನಿಧಾನವಾಗಿ ಮೇಲೆ ಹತ್ತಿತು. ವೇಣುಗೋಪಾಲ ರಾಗಿ ಮೂಟೆಗಳ ಸಭೆಯ ಮುಂದೆ ಒಬ್ಬನೇ ನಿಂತು ಕೈಮುಗಿದ.

ಶುಕ್ರವಾರ ಬಂತು. ವೇಣುಗೋಪಾಲ ಅತಿಥಿಗಳನ್ನು ಎದುರುಗೊಳ್ಳಲು ಮಾವನ ಜೊತೆ ಬಸ್ ನಿಲ್ದಾಣಕ್ಕೆ ಹೋದ. ಮನೆಯಲ್ಲಿ ಲಕ್ಷ್ಮೀದೇವಮ್ಮ ಅರಿಶಿನ ಕುಂಕುಮದ ತಟ್ಟೆ ಹಿಡಿದು ಹೊರಟಿದ್ದರು. ಹೊಸ್ತಿಲಿಗೆ ಇಟ್ಟರು, ಒರಳುಕಲ್ಲಿಗೆ ಇಟ್ಟರು, ಮಿಕ್ಸಿಗೆ ಇಟ್ಟರು. ಮನೆಯಲ್ಲಿ ದುಡಿಯುವ ಯಾವುದೂ ಶುಭದಿನದಂದು ಬೋಳುಹಣೆಯಲ್ಲಿ ಇರಬಾರದೆಂಬುದು ಅವರ ನಿಯಮ. ಅಂದ ಮೇಲೆ ಮಗನ ಮದುವೆಯನ್ನೇ ತಲೆಯ ಮೇಲೆ ಹೊತ್ತು ನಿಂತಿರುವ ಆ ಯಂತ್ರವನ್ನು ಬಿಡುವುದುಂಟೇ? ಉಳಿದವಕ್ಕೆ ಚೂರು ಚೂರು ಇಟ್ಟವರು ಅದಕ್ಕೆ ಕೈ ಬಿಚ್ಚಿ ಇಟ್ಟರು. ಹಸಿ ಅರಿಶಿನ ಕಲಸಿ ಕನ್ನಡಿಯ ನಟ್ಟನಡುವೆ ಒತ್ತಿ, ಅದರ ಮೇಲೆ ಕುಂಕುಮ ಮೆತ್ತಿ, ಕಣ್ಣಿಗೊತ್ತಿಕೊಂಡು, ಬಾಗಿಲೆಳೆದುಕೊಂಡು ಒಬ್ಬಟ್ಟು ಬೇಯಿಸಲು ಹೋದರು.

ಬೈರಣ್ಣನವರು ತಮ್ಮ ಅಕ್ಕ ನರಸಮ್ಮನವರನ್ನು ಕರೆತಂದಿದ್ದರು. ಅವರ ಮನೆಯಲ್ಲಿ ಏನು ನಡೆಯಬೇಕಾದರೂ ನರಸಮ್ಮ ತಲೆ ಆಡಿಸಬೇಕು. ಮೇಲೆ ಕೆಳಗೆ ಆಡಿದರೆ ನಡೆಯುತ್ತದೆ, ಅಕ್ಕಪಕ್ಕ ಆಡಿದರೆ ಇಲ್ಲ. ಮನೆ ನೋಡಿದ್ದಾಯಿತು, ಬಾವಿ ನೋಡಿದ್ದಾಯಿತು, ಹಸುಗಳನ್ನು ನೋಡಿದ್ದಾಯಿತು. ವೇಣುಗೋಪಾಲನ ತಂದೆ ರಾಮಾಂಜಿನಪ್ಪ ಎಲ್ಲವನ್ನೂ ಬೆರಳಿನಿಂದ ತೋರಿಸಿದರೇ ಹೊರತು ಬಾಯಿಂದ ಹೇಳಲಿಲ್ಲ. ಮಾತು ಅವರಿಗೆ ಮೊದಲಿನಿಂದಲೂ ಖರ್ಚಿನ ಬಾಬತ್ತು.

ಕೊನೆಗೆ ಎಲ್ಲರೂ ರಾಗಿ ಕೋಣೆಗೆ ಬಂದರು. ವೇಣುಗೋಪಾಲ ಬಾಗಿಲಲ್ಲೇ ನಿಂತು ಚಿಕ್ಕದೊಂದು ಭಾಷಣ ಮಾಡಿ, ಕಿಟಕಿ ಮೊದಲೇ ಮುಚ್ಚಿದ್ದ ಕತ್ತಲಿಗೆ ಎಲ್ಲರನ್ನೂ ಸೇರಿಸಿ, ಬಾಗಿಲು ಹಾಕಿ, ತಡಕಿ ಟಾರ್ಚು ಹೊತ್ತಿಸಿದ.

ಗೋಡೆಯ ಮೇಲೆ ಕಡಲೆಕಾಳು ಇರಲಿಲ್ಲ. ಇಲಿ ಕಡಿದ ರೊಟ್ಟಿಯ ಅಂಚಿನಂಥ ಒಂದು ಮಂಕು ಬೆಳಕಿನ ಬಳೆ ಇತ್ತು, ಅದೂ ಅರ್ಧ. ಭಾರಕ್ಕೆ ಪಟ್ಟಿ ಜೋತುಬಿದ್ದು, ಮಿಕ್ಕ ಅರ್ಧ ನೆಲದ ಮೂಟೆಗಳ ಮೇಲೆ ಬಿದ್ದಿತ್ತು. ಬೈರಣ್ಣನವರು ಹೇಳಿಕೊಟ್ಟ ಹಾಗೆ ಅಂಗೈ ಹಿಡಿದು ಕಾದರು. ಬಳೆ ಅಲುಗಿತೋ ಇಲ್ಲವೋ ಬ್ರಹ್ಮನಿಗೂ ತಿಳಿಯುವಂತಿರಲಿಲ್ಲ.

"ಏನಪ್ಪಾ, ಹತ್ತುತ್ತೆ ಅಂದ್ಯಲ್ಲ, ಎಲ್ಲಿ?"

ಆಂಜಿನಪ್ಪನಿಗೆ ತಡೆಯಲಾಗಲಿಲ್ಲ. ಸಂಬಂಧ ಕೈಜಾರುತ್ತಿರುವುದು ಕತ್ತಲಲ್ಲೂ ಕಾಣುವಂಥ ಕಣ್ಣು ಅವನದು. ಮೆಲ್ಲಗೆ ಮಂಡಿಯಿಂದ ಮೇಜನ್ನು ಒತ್ತಿದ. ಬಳೆ ಒಂದು ಗೇಣು ಮೇಲಕ್ಕೆ ನೆಗೆಯಿತು.

"ಅಗೋ, ಹತ್ತಿತು ನೋಡಿ ಬೈರಣ್ಣನೋರೆ. ನಿಮ್ ಕೈಯಲ್ಲಿ ಎಂಥಾ ಶಾಖ ಐತೆ."

ಬೈರಣ್ಣನವರು ತಮ್ಮ ಅಂಗೈಯನ್ನು ಹೊಸ ಗೌರವದಿಂದ ನೋಡಿಕೊಂಡರು. ಅವರ ಗಂಟಲಿನಿಂದ ಹೂಂ ಎಂಬ ಒಪ್ಪಿಗೆಯಂಥ ಸದ್ದೊಂದು ಹೊರಡುವುದರಲ್ಲಿತ್ತು. ವೇಣುಗೋಪಾಲನಿಗೆ ಆವತಿಯ ಅಡುಗೆಮನೆಯ ನಗು ಕಿವಿಯ ಹತ್ತಿರವೇ ಕೇಳಿಸಿತು. ಸುಮ್ಮನಿದ್ದರೆ ಸಾಕಿತ್ತು. ಬೇರೆ ಏನೂ ಮಾಡಬೇಕಿರಲಿಲ್ಲ.

"ಅದು ಬಿಸಿ ಅಲ್ಲ" ಎಂದ. "ಮಾವನ ಮೊಣಕಾಲು."

ಕತ್ತಲಿನಲ್ಲಿ ಆಂಜಿನಪ್ಪನ ಉಸಿರು, ಗಾಳಿ ಬಿಟ್ಟ ಸೈಕಲ್ ಟ್ಯೂಬಿನ ಹಾಗೆ, ನಿಧಾನವಾಗಿ ಹೊರಗೆ ಹೋಯಿತು. ವೇಣುಗೋಪಾಲ ಕಿಟಕಿ ತೆಗೆದ. ಬಿಸಿಲು ಒಳಗೆ ಬಂದು ನೇರವಾಗಿ ಕನ್ನಡಿಯ ಮೇಲೆ ಕೂತಿತು. ಅಲ್ಲಿ ಕನ್ನಡಿಯೇ ಇರಲಿಲ್ಲ. ಮದುವಣಗಿತ್ತಿಯ ಹಣೆಯಿತ್ತು.

ಅವನು ಜೇಬಿನಿಂದ ಕರವಸ್ತ್ರ ತೆಗೆದ. ಬಾಗಿಲು ತಳ್ಳಿಕೊಂಡು ಕಾಫಿ ಲೋಟಗಳ ತಟ್ಟೆ ಹಿಡಿದು ಬಂದ ಲಕ್ಷ್ಮೀದೇವಮ್ಮ ತಟ್ಟೆಯನ್ನು ಮೂಟೆಯ ಮೇಲೆ ಕುಕ್ಕಿ ಅವನ ಮಣಿಕಟ್ಟು ಹಿಡಿದರು.

"ಮದುವೆ ಮಾತಿನ ದಿನ ಕುಂಕುಮ ಒರೆಸ್ತೀಯೇನೋ?"

"ಅಮ್ಮಾ, ಇದು ಇದ್ರೆ ಬೆಳಕೇ ಹೋಗಲ್ಲ."

"ಬೆಳಕು ನಾಳೆ ಹೋಗ್ಲಿ."

ನರಸಮ್ಮನವರು ಎರಡು ಹೆಜ್ಜೆ ಇಟ್ಟು ಲಕ್ಷ್ಮೀದೇವಮ್ಮನವರ ಪಕ್ಕ ನಿಂತರು. ಅಲ್ಲಿಯವರೆಗೆ ಅವರು ಈ ಮನೆಯ ಯಾವುದಕ್ಕೂ ತಲೆಯನ್ನು ಯಾವ ದಿಕ್ಕಿಗೂ ಆಡಿಸಿರಲಿಲ್ಲ. ಈಗ ಮೇಲೆ ಕೆಳಗೆ ಆಡಿಸಿದರು. ನಿಮ್ಮಮ್ಮ ಹೇಳೋದು ಸರಿ ಕಣಪ್ಪಾ, ಹೆಣ್ಣು ಕೊಡೋಕೆ ಬಂದೋರ ಎದುರಿಗೆ ಕುಂಕುಮ ಅಳಿಸಬಾರದು ಎಂದರು. ಹೀಗೆ ಬೀಗಿತ್ತಿಯರಾಗಬೇಕಾದವರು ಒಂದಾದ ಕೂಡಲೇ ವರನ ದಾರಿ ಎರಡೂ ಕಡೆಯಿಂದ ಮುಚ್ಚಿಹೋಯಿತು. ಒರೆಸಿದರೆ ಅಪಶಕುನ, ಸಂಬಂಧ ಹೋಯಿತು. ಒರೆಸದಿದ್ದರೆ ಕೆಲಸ ಕಾಣುವುದಿಲ್ಲ, ಆಗಲೂ ಸಂಬಂಧ ಹೋಯಿತು. ಹಿಂದೆ ಎಷ್ಟೋ ವೀರರು ಚಕ್ರವ್ಯೂಹದಲ್ಲಿ ಸಿಕ್ಕಿಬಿದ್ದಿದ್ದಾರೆ. ಆದರೆ ಅವರ ಕೈಯಲ್ಲಿ ಕತ್ತಿಯಾದರೂ ಇತ್ತು. ಇವನ ಕೈಯಲ್ಲಿದ್ದದ್ದು ಕರವಸ್ತ್ರ.

ಬೈರಣ್ಣನವರು ಹೆಗಲ ಟವೆಲ್ ಸರಿಮಾಡಿಕೊಂಡು, ಇರಲಿ ಬಿಡಿ, ಇನ್ನೊಂದು ಸಲ ಬಂದಾಗ ನೋಡೋಣ ಎಂದರು. ಮದುವೆ ಮಾತಿನಲ್ಲಿ ಇನ್ನೊಂದು ಸಲ ಎಂಬುದರ ಅರ್ಥ ಆಂಜಿನಪ್ಪನಿಗೆ ಗೊತ್ತಿತ್ತು. ಅವನು ಮೂಟೆಗೆ ಒರಗಿ ಕಣ್ಣು ಮುಚ್ಚಿಕೊಂಡ.

ಆಗ ರಾಮಾಂಜಿನಪ್ಪ ಹಿಂದಿನಿಂದ ಮುಂದೆ ಬಂದರು. ಉಂಗುರದ ಬೆರಳಿನಿಂದ ಕನ್ನಡಿಯ ಮೇಲಿನ ಕುಂಕುಮವನ್ನು ಚೂರು ತೆಗೆದು, ತಮ್ಮ ಹಣೆಗೆ ಹಚ್ಚಿಕೊಂಡರು. ಆಮೇಲೆ ಬೈರಣ್ಣನವರ ಕಡೆ ತಿರುಗಿ, "ಪ್ರಸಾದ. ತಗೊಳ್ಳಿ" ಎಂದರು.

ಒರೆಸುವುದು ಬೇರೆ, ಪ್ರಸಾದ ತೆಗೆದುಕೊಳ್ಳುವುದು ಬೇರೆ. ಪೂಜೆಯಾದ ವಸ್ತುವಿನ ಕುಂಕುಮ ಬೇಡ ಅನ್ನಲು ಯಾರಿಗೂ ಸಾಧ್ಯವಿಲ್ಲ. ಲಕ್ಷ್ಮೀದೇವಮ್ಮ ಮಗನ ಮಣಿಕಟ್ಟು ಬಿಟ್ಟರು. ಬೈರಣ್ಣನವರು ಹಚ್ಚಿಕೊಂಡರು. ನರಸಮ್ಮನವರು ಹಣೆಗೂ ತಾಳಿಗೂ ಹಚ್ಚಿಕೊಂಡು, ಮನೆಯಲ್ಲಿರುವ ಯಜಮಾನರಿಗೂ ಬಿಂದುಶ್ರೀಗೂ ಎಂದು ಇನ್ನಷ್ಟು ತೆಗೆದು ಸೆರಗಿನ ತುದಿಯಲ್ಲಿ ಕಟ್ಟಿಕೊಂಡರು. ಲಕ್ಷ್ಮೀದೇವಮ್ಮನವರು ಅರಿಶಿನವನ್ನು ಕೆನ್ನೆಗೆ ಸವರಿಕೊಂಡರು. ಆಂಜಿನಪ್ಪ ತನ್ನ ಮೊಣಕಾಲಿನ ಪಾಪಕ್ಕೆ ತಕ್ಕಷ್ಟು ದೊಡ್ಡದಾಗಿ ಬಳಿದುಕೊಂಡ. ಕೊನೆಯ ಪಾಳಿ ವೇಣುಗೋಪಾಲನದು. ಅಂಥ ಭಕ್ತಿ ಯಾವ ದೇವಸ್ಥಾನದಲ್ಲೂ ಕಂಡುಬಂದಿರಲಾರದು. ಒಂದೊಂದು ಮೂಲೆಯಿಂದ, ಒಂದು ಕಣವನ್ನೂ ಬಿಡದೆ, ಹೆಬ್ಬೆರಳಿನಿಂದ ಮೃದುವಾಗಿ ಎತ್ತಿ ಎತ್ತಿ ಹಣೆಗೆ ಏರಿಸಿದ. ಕನ್ನಡಿ ಹೊಳೆಯಿತು. ಅವನ ಹಣೆ ಕಿವಿಯಿಂದ ಕಿವಿಗೆ ಹಳದಿಯಾಯಿತು.

ಮತ್ತೆ ಕಿಟಕಿ ಮುಚ್ಚಿದರು. ಈ ಸಲ ಗೋಡೆಯ ಮೇಲೆ ಚುಕ್ಕೆ ಬಿತ್ತು. ಸ್ವಲ್ಪ ಅರಿಶಿನದ ಬಣ್ಣ ತಿರುಗಿತ್ತು, ಆದರೆ ಗಟ್ಟಿಯಾಗಿತ್ತು. ವೇಣುಗೋಪಾಲ ಮಾವನನ್ನು ಮೇಜಿನಿಂದ ದೂರ, ಬಾಗಿಲ ಹತ್ತಿರ ನಿಲ್ಲಿಸಿದ. ಚುಕ್ಕೆಯ ನೇರಕ್ಕೆ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದ. ಬೈರಣ್ಣನವರು ಅಂಗೈ ಹಿಡಿದರು.

ಚುಕ್ಕೆ ಗೆರೆ ಬಿಟ್ಟು ಹೊರಟಿತು. ಅವಸರವಿಲ್ಲದೆ, ಗೋಡೆ ಹತ್ತುವ ಬಸವನಹುಳುವಿನ ಹಾಗೆ, ಎರಡು ಬೆರಳಿನಷ್ಟು ಮೇಲೆ ಹೋಗಿ ನಿಂತಿತು. ಕೈ ತೆಗೆದರು. ಹಾಗೆಯೇ ಇಳಿದು ಬಂತು. ಮತ್ತೆ ಹಿಡಿದರು, ಮತ್ತೆ ಹತ್ತಿತು. ಬೈರಣ್ಣನವರು ಮೇಜಿನ ನಾಲ್ಕು ಕಾಲನ್ನೂ ಕೈಯಿಂದ ತಡಕಿ ನೋಡಿ, ಯಾರ ಮೊಣಕಾಲೂ ಇಲ್ಲವೆಂದು ಖಾತ್ರಿ ಮಾಡಿಕೊಂಡರು. ತಣ್ಣೀರಿನ ಚೊಂಬು ತರಿಸಿ ಹಿಡಿದರು. ಚುಕ್ಕೆ ಗೆರೆಯಿಂದ ಕೆಳಗಿಳಿಯಿತು. ಮೂಟೆಯ ಮೇಲಿದ್ದ ಕಾಫಿ ಹಿಡಿದರು. ಕುಡಿಯುವುದನ್ನು ಮರೆತರು.

"ಈ ಕನ್ನಡಿ ನೆಟ್ಟಗಿಲ್ದಿದ್ರೆ?"

ವೇಣುಗೋಪಾಲ ಬಾಗಿನದ ಕನ್ನಡಿಯೊಂದನ್ನು ಬೆಳಕಿಗೆ ಅಡ್ಡ ಹಿಡಿದು ವಾಲಿಸಿ ತೋರಿಸಿದ. ಗೋಡೆಯ ಮೇಲೆ ಅಂಬಲಿ ಚೆಲ್ಲಿತು. ಅಲ್ಲಿಂದ ಇಲ್ಲಿಗೆ ಸರಿಸಿದರೂ ಅಂಬಲಿ ಅಂಬಲಿಯೇ.

"ಅಂದ್ರೆ ಬಿಸಿ ಬಂದಿರ್ತದೆ, ಪಟ್ಟಿ ಬಾಗಿರ್ತದೆ. ಆದ್ರೂ ಕನ್ನಡಿ ಸೊಟ್ಟ ಇದ್ರೆ ನಮಗೆ ತಿಳಿಯಾಕಿಲ್ಲ."

"ಹೂಂ. ಅಷ್ಟೇ."

"ಅದನ್ನ ನೋಡಿ ಹೇಳೋದೇ ನಿನ್ನ ಕೆಲ್ಸ."

"ಅದೇ ಕೆಲಸ."

ಬೈರಣ್ಣನವರು ರಾಗಿ ಮೂಟೆಯ ಮೇಲೆ ಕೂತುಬಿಟ್ಟರು. ಉಳಿದವರು ಒಬ್ಬೊಬ್ಬರಾಗಿ ಹೊರಗೆ ಬಂದರು. ಕೊನೆಗೆ ವೇಣುಗೋಪಾಲನನ್ನೂ ಅವರೇ ಹೊರಗೆ ಕಳಿಸಿದರು. ನೀನಿದ್ದರೆ ನಿನ್ನ ಮೈಯ ಬಿಸಿಯೂ ಸೇರಿಕೊಳ್ಳುತ್ತದೆ, ನನ್ನದೊಂದನ್ನೇ ನೋಡಬೇಕು ಎಂದರು. ಬಾಗಿಲ ಹೊರಗಿನಿಂದ ಕೇಳಿದರೆ ಒಳಗೆ ಅವರು ಉಸಿರು ಬಿಗಿಹಿಡಿಯುವುದು, ಬಿಡುವುದು, ಹೋಗು ಹೋಗು, ಇನ್ನೂ ಒಂಚೂರು ಎಂದು ಚುಕ್ಕೆಯನ್ನು ಪುಸಲಾಯಿಸುವುದು ಕೇಳಿಸುತ್ತಿತ್ತು.

ನಡುಮನೆಯಲ್ಲಿ ಬಾಳೆಯೆಲೆ ಹಾಕಿದ್ದಾಯಿತು. ಒಬ್ಬಟ್ಟಿಗೆ ತುಪ್ಪ ಕಾಯಿತು. ಒಲೆಯ ಮುಂದೆ ನರಸಮ್ಮನವರು ಲಕ್ಷ್ಮೀದೇವಮ್ಮನವರಿಗೆ ತಗ್ಗಿದ ದನಿಯಲ್ಲಿ, ಆಗ ಒಂದು ಗಳಿಗೆ ಬಾಯಿ ಮುಚ್ಚಿಕೊಂಡಿದ್ದರೆ ನಿಮ್ಮ ಹುಡುಗನ ಕೆಲಸ ಆಗಿಹೋಗುತ್ತಿತ್ತು, ಮುಚ್ಚಿಕೊಳ್ಳಲಿಲ್ಲ ನೋಡಿ, ನಮ್ಮ ಹುಡುಗಿಯೂ ಥೇಟ್ ಹೀಗೇ, ಎರಡೂ ಸೇರಿ ಊರನ್ನೆಲ್ಲ ಎದುರು ಹಾಕಿಕೊಳ್ಳುತ್ತವೆ ಎಂದು ಹೇಳುತ್ತಿದ್ದರು. ಲಕ್ಷ್ಮೀದೇವಮ್ಮನವರು ಅದು ಹೊಗಳಿಕೆಯೋ ತೆಗಳಿಕೆಯೋ ಗೊತ್ತಾಗದೆ ಇನ್ನೊಂದು ಒಬ್ಬಟ್ಟು ತಟ್ಟಿದರು.

ವೇಣುಗೋಪಾಲ ಕಂಬಕ್ಕೆ ಒರಗಿ ನಿಂತಿದ್ದ. ಮನೆ ನೋಡಲು ಬಂದವರು ಅದೇ ಮನೆಯಲ್ಲಿ ಹೂಂ ಅನ್ನುವ ಪದ್ಧತಿಯಿಲ್ಲ. ಉಂಡು, ಎಲೆಯಡಿಕೆ ಹಾಕಿಕೊಂಡು, ಊರಿಗೆ ಹೋಗಿ ಹೇಳಿ ಕಳಿಸುತ್ತೇವೆ ಎಂದು ಎದ್ದುಹೋಗುತ್ತಾರೆ. ಹುಡುಗ ಆ ಕಡೆಯಿಂದ ಸುದ್ದಿ ಬರುವವರೆಗೆ ನಿದ್ದೆ ಬಿಡುತ್ತಾನೆ. ಹಾಗಾಗಿ ಅವನು ಈಗಿನಿಂದಲೇ ನಿದ್ದೆ ಬಿಡಲು ಸಿದ್ಧನಾಗುತ್ತಿದ್ದ.

ಎಲೆಯ ಮೇಲಿನ ಪಲ್ಯ ಆರಿತು. ಬೈರಣ್ಣನವರು ಬರಲಿಲ್ಲ. ಆಂಜಿನಪ್ಪ ಹೋಗಿ ಕರೆದು ಬಂದ. ರಾಮಾಂಜಿನಪ್ಪ ಹೋಗಿ ಬಾಗಿಲಲ್ಲಿ ನಿಂತು ಕೆಮ್ಮಿ ಬಂದರು. ಹಸಿವು ತಾಳಲಾಗದೆ ನರಸಮ್ಮನವರು ಅಡುಗೆಮನೆಯ ಬಾಗಿಲಿಗೆ ಬಂದು ಕೂಗಿದರು.

"ಏ ಬೈರಣ್ಣ, ಉಣ್ಣೋಕೆ ಬಾರೋ. ಆ ಕನ್ನಡಿ ಎಲ್ಲಿಗೆ ಓಡೋಗುತ್ತೆ? ಇನ್ಮೇಲೆ ನಮ್ಮದೇ ತಾನೇ?"

ಮಾತು ಬಾಯಿಂದ ಹೊರಬಿದ್ದ ಮೇಲೆ ನರಸಮ್ಮನವರಿಗೆ ತಾವೇನು ಹೇಳಿದೆವೆಂದು ತಿಳಿಯಿತು. ಕೈ ಬಾಯಿಯ ಹತ್ತಿರ ಹೋಯಿತು, ಆದರೆ ಮಾತನ್ನು ವಾಪಸು ತಳ್ಳಲಿಲ್ಲ. ಆಂಜಿನಪ್ಪ ಕಂಬ ಹಿಡಿದುಕೊಂಡ. ಲಕ್ಷ್ಮೀದೇವಮ್ಮನವರ ಸೌಟಿನಿಂದ ತುಪ್ಪ ಒಲೆಗೆ ಸುರಿಯುತ್ತಿತ್ತು, ಅದನ್ನು ಯಾರೂ ನೋಡಲಿಲ್ಲ. ಎಲ್ಲರ ಕಣ್ಣೂ ಆ ಮುಚ್ಚಿದ ಬಾಗಿಲಿನ ಮೇಲಿತ್ತು.

ಒಳಗಿನ ಕತ್ತಲಿನಿಂದ ಬೈರಣ್ಣನವರ ದನಿ ಬಂತು.

"ನಮ್ಮದೇ ಅಂದ್ಮೇಲೆ ಇನ್ನೊಂದ್ಸಲ ಕೈ ಹಿಡಿದು ನೋಡ್ತೀನಿ ಕಣಕ್ಕ. ಬೀಗರನ್ನ ಕೂರಿಸ್ಕೊಂಡು ನೀವು ಉಣ್ತಿರಿ."